ಶಿಫ್ಟ್ ಒತ್ತದ ಆ ಒಂದು ಸಲ

ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿರುವ ಒಂದು ಸಣ್ಣ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ನಾನು ಹದಿನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ರಕ್ತ ತೆಗೆಯುವುದು, ಮಶೀನಿಗೆ ಇಡುವುದು, ರಿಪೋರ್ಟ್ ಮಾಡಿ ಪ್ರಿಂಟ್ ತೆಗೆಯುವುದು, ಮೂರೂ ನನ್ನ ಕೆಲಸವೇ. ಲ್ಯಾಬು ಒಬ್ಬ ಲೇಡಿ ಡಾಕ್ಟರರದು, ಡಾಕ್ಟರ್ ಬಾಯಿ ಎಂದೇ ಎಲ್ಲರೂ ಕರೆಯುತ್ತಾರೆ. ಅವರು ಹನ್ನೊಂದರ ಸುಮಾರಿಗೆ ಬಂದು ರಿಪೋರ್ಟುಗಳನ್ನು ನೋಡಿ ಸಹಿ ಹಾಕುತ್ತಾರೆ.

ಎರಡು ವರ್ಷದ ಹಿಂದೆ, ಮಳೆಗಾಲ ಮುಗಿಯುವ ಹೊತ್ತಿಗೆ, ಊರ ತುಂಬ ಜ್ವರ ಇದ್ದಾಗಲೇ ನಮ್ಮ ರಿಪೋರ್ಟಿನ ಸಾಫ್ಟ್‌ವೇರ್ ಕೆಟ್ಟಿತು. ಅದಕ್ಕೂ ಮೊದಲು ಮಶೀನು ಎಣಿಸಿದ ಅಂಕಿಗಳು ತಾವಾಗಿಯೇ ನನ್ನ ಕಂಪ್ಯೂಟರಿಗೆ ಬಂದು ಆಯಾ ಪೇಷಂಟಿನ ಹೆಸರಿನ ಕೆಳಗೆ ಕೂಡುತ್ತಿದ್ದವು. ಹೊಸ ಅಪ್‌ಡೇಟ್ ಹಾಕಿದ ಮೇಲೆ ಆ ದಾರಿ ಕಡಿದುಹೋಯಿತು. ಹುಬ್ಬಳ್ಳಿಯಿಂದ ಇಂಜಿನಿಯರ್ ಬರಲು ಹತ್ತು ಹನ್ನೆರಡು ದಿನ ಬೇಕೆಂದರು. ಅಲ್ಲಿಯತನಕ ಹೇಗೆ ನಡೆಸಬೇಕೆಂದು ಅವನೇ ಫೋನಿನಲ್ಲಿ ನನಗೆ ಹೇಳಿಕೊಟ್ಟ.

ಕಂಪ್ಯೂಟರಿನಲ್ಲಿ ಟರ್ಮಿನಲ್ ಎಂಬ ಒಂದು ಕಪ್ಪು ಕಿಟಕಿ ತೆರೆಯಬೇಕು. ಅದರಲ್ಲಿ ಚಿತ್ರವಿಲ್ಲ, ಒತ್ತುವ ಗುಂಡಿಗಳಿಲ್ಲ, ಬರೀ ಅಕ್ಷರ. ಅವನು ಕೊಟ್ಟ ಒಂದು ಸಾಲು ಟೈಪ್ ಮಾಡಿ, ಕೊನೆಗೆ ಪೇಷಂಟಿನ ನಂಬರ್ ಹಾಕಿ ಎಂಟರ್ ಒತ್ತಿದರೆ ಮಶೀನಿನಲ್ಲಿರುವ ಆ ಪೇಷಂಟಿನ ಅಂಕಿಗಳೆಲ್ಲ ಸಾಲಾಗಿ ಮೂಡುತ್ತವೆ. ಅವನ್ನು ಮೌಸಿನಿಂದ ಎಳೆದು ಗುರುತು ಮಾಡಿ, ಕಾಪಿ ಮಾಡಿ, ರಿಪೋರ್ಟಿನಲ್ಲಿ ತಂದು ಪೇಸ್ಟ್ ಮಾಡಬೇಕು.

"ಒಂದು ಮಾತು ನೆನಪಿಡ್ರಿ ಮೇಡಂ," ಎಂದಿದ್ದ ಅವನು. "ಆ ಕಪ್ಪು ಕಿಟಕಿಯೊಳಗ ಬರೇ ಕಂಟ್ರೋಲ್ ಸಿ ಒತ್ತಬ್ಯಾಡ್ರಿ. ಅಲ್ಲಿ ಅದರ ಅರ್ಥ ಬ್ಯಾರೆ. ನಡದಿದ್ದ ಕೆಲಸ ನಿಲ್ಲಸು ಅಂತ. ಕಾಪಿ ಆಗಬೇಕಂದ್ರ ಶಿಫ್ಟ್ ಸೇರಿಸಿ ಮೂರೂ ಕೂಡಿ ಒತ್ತಬೇಕ್ರಿ."

"ಆತು ಬಿಡ್ರಿ, ಅದೇನು ದೊಡ್ಡ ಮಾತು," ಎಂದೆ.

ಆದರೆ ಹನ್ನೆರಡು ವರ್ಷ ಕಂಟ್ರೋಲ್ ಸಿ ಒತ್ತಿದ ಬೆರಳುಗಳು ನನ್ನವು. ಮೊದಲ ದಿನ ಒಂದು ಸಲ ತಪ್ಪಿದೆ. ಪೇಸ್ಟ್ ಮಾಡಿದಾಗ ಬೇರೆ ಏನೋ ಬಂತು, ಗೊತ್ತಾಯಿತು, ಮತ್ತೆ ಮಾಡಿದೆ. ಕಾಪಿ ಮಾಡಿದ್ದು ಹೋಗಿ ಕೂಡುವ ಜಾಗಕ್ಕೆ ಕ್ಲಿಪ್‌ಬೋರ್ಡ್ ಎನ್ನುತ್ತಾರೆ. ಅದು ಕಣ್ಣಿಗೆ ಕಾಣುವುದಿಲ್ಲ. ಅದರಲ್ಲಿ ಒಂದೇ ವಸ್ತು ಹಿಡಿಸುತ್ತದೆ, ಹೊಸದು ಬರುವತನಕ ಹಳೆಯದು ಅಲ್ಲೇ ಕೂತಿರುತ್ತದೆ. ಇಷ್ಟು ನನಗೆ ಗೊತ್ತಿತ್ತು. ಗೊತ್ತಿದ್ದೂ ಅಂಜಿಕೆ ಹುಟ್ಟಿರಲಿಲ್ಲ.

ಐದನೆಯ ದಿನ ಟಿಕೋಟಾದಿಂದ ಗಂಡ ಹೆಂಡತಿ ಇಬ್ಬರು ಬಂದರು. ಹುಡುಗಿಗೆ ಇಪ್ಪತ್ಮೂರು ಇಪ್ಪತ್ನಾಲ್ಕು ಇರಬೇಕು. ನಾಲ್ಕು ದಿನದಿಂದ ಜ್ವರ, ಮೈಕೈ ನೋವು. ದ್ರಾಕ್ಷಿ ತೋಟದಲ್ಲಿ ಚಾಟನಿ ಕೆಲಸಕ್ಕೆ, ಎಂದರೆ ಬಳ್ಳಿ ಕತ್ತರಿಸುವ ಕೆಲಸಕ್ಕೆ ಹೋಗುತ್ತಿದ್ದಳಂತೆ. ಕತ್ತರಿ ಹಿಡಿದು ಹಿಡಿದು ಹೆಬ್ಬೆರಳ ಬುಡದಲ್ಲಿ ಬೊಬ್ಬೆ ಎದ್ದಿತ್ತು. ಸೂಜಿ ಚುಚ್ಚುವಾಗ ಮುಖ ಆ ಕಡೆ ತಿರುಗಿಸಿ, ತೆಗೆದ ಮೇಲೆ, "ಆತೇನ್ರಿ? ಗೊತ್ತ ಆಗಲಿಲ್ಲ ನೋಡ್ರಿ," ಎಂದು ನಕ್ಕಳು. ಅವರನ್ನು ಕಳಿಸಿದ್ದು ಟಿಕೋಟಾದ ಒಂದು ದವಾಖಾನೆ.

ಆವತ್ತು ಕುರ್ಚಿಗಳೆಲ್ಲ ತುಂಬಿ ಜನ ಬಾಗಿಲವರೆಗೆ ನಿಂತಿದ್ದರು. ಅವಳಿಗಿಂತ ಮುಂಚೆ ಸ್ಟೇಷನ್ ರಸ್ತೆಯ ಬಟ್ಟೆ ಅಂಗಡಿಯವರೊಬ್ಬರ ರಿಪೋರ್ಟ್ ಮಾಡಿದ್ದೆ. ಅವರಿಗೆ ಏನೂ ಕಾಯಿಲೆ ಇರಲಿಲ್ಲ, ವರ್ಷಕ್ಕೊಮ್ಮೆ ಮಾಡಿಸುವವರು. ಅವರದು ಮುಗಿಸಿ ಹುಡುಗಿಯ ನಂಬರ್ ಹಾಕಿದೆ, ಅಂಕಿ ಬಂದವು, ಎಳೆದೆ, ಒತ್ತಿದೆ, ಪೇಸ್ಟ್ ಮಾಡಿದೆ. ಅದೇ ಹೊತ್ತಿಗೆ ಯಾರೋ ಕೌಂಟರ್ ಬಡಿದು ಕರೆಯುತ್ತಿದ್ದರು. ಡಾಕ್ಟರ್ ಬಾಯಿಯವರು ಅವಳದನ್ನೂ ಉಳಿದವುಗಳ ಜೊತೆ ನೋಡಿ ಸಹಿ ಮಾಡಿದರು. ನೋಡಲು ಅದರಲ್ಲಿ ತಪ್ಪೇನೂ ಇರಲಿಲ್ಲ. ಪ್ಲೇಟ್‌ಲೆಟ್ ಎರಡು ಲಕ್ಷ ನಲವತ್ತೊಂದು ಸಾವಿರ.

ರಿಪೋರ್ಟ್ ಕೊಡುವಾಗ ಗಂಡ ಕೇಳಿದ, "ಹೆಂಗೈತ್ರಿ ಅಕ್ಕಾರ?"

ಅದನ್ನು ಹೇಳುವುದು ನನ್ನ ಕೆಲಸವಲ್ಲ. ಆದರೂ, "ಎಲ್ಲಾ ಸರಿ ಐತ್ರಿ, ಅಂಜಬ್ಯಾಡ್ರಿ," ಎಂದೆ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಲ್ಯಾಬು ತೆರೆದೆ. ಕಪ್ಪು ಕಿಟಕಿಯನ್ನು ಮೊದಲ ದಿನದಿಂದಲೂ ಮುಚ್ಚದೆ ಹಾಗೇ ಬಿಟ್ಟಿದ್ದೆ. ಆ ಉದ್ದನೆಯ ಸಾಲನ್ನು ಮತ್ತೆ ಟೈಪ್ ಮಾಡುವ ಬದಲು ಮೇಲಿನಿಂದ ಎತ್ತಿಕೊಳ್ಳೋಣ ಎಂದು ಮೇಲಕ್ಕೆ ಸರಿಸುತ್ತ ಹೋದೆ. ಒಂದು ಕಡೆ ಒಂದು ಸಣ್ಣ ಟೋಪಿಯಂಥ ಗುರುತು, ಪಕ್ಕದಲ್ಲಿ C ಅಕ್ಷರ ಕಂಡಿತು. ಕಂಟ್ರೋಲ್ ಸಿ ಒತ್ತಿದಾಗ ಅಲ್ಲಿ ಮೂಡುವ ಗುರುತು ಅದು. ಅದರ ಮೇಲೆಯೇ ಟಿಕೋಟಾ ಹುಡುಗಿಯ ನಂಬರ್, ಅವಳ ಅಂಕಿಗಳು. ಪ್ಲೇಟ್‌ಲೆಟ್ ಇಪ್ಪತ್ತಾರು ಸಾವಿರ.

ನನಗೆ ತಟ್ಟನೆ ಅರ್ಥವಾಗಲಿಲ್ಲ. ಎರಡು ರಿಪೋರ್ಟುಗಳ ನಕಲನ್ನು ತೆಗೆದು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟೆ. ಬಟ್ಟೆ ಅಂಗಡಿಯವರದು, ಹುಡುಗಿಯದು. ಹಿಮೋಗ್ಲೋಬಿನ್ ಒಂದೇ. ಬಿಳಿಕಣ ಒಂದೇ. ಪ್ಲೇಟ್‌ಲೆಟ್ ಒಂದೇ. ಐವತ್ತೆಂಟು ವರ್ಷದ ಗಂಡಸಿನ ರಕ್ತ, ನಾಲ್ಕು ದಿನ ಜ್ವರದಲ್ಲಿ ಬಿದ್ದ ಹುಡುಗಿಯ ಹೆಸರಿನ ಕೆಳಗೆ, ಚುಕ್ಕಿ ಸಮೇತ. ಕುರ್ಚಿ ಹಿಡಿದುಕೊಂಡು ಕೂತೆ.

ರಕ್ತ ಹೆಪ್ಪುಗಟ್ಟಿಸುವ ಈ ಕಣ ಒಂದೂವರೆ ಲಕ್ಷದ ಮೇಲಿರಬೇಕು. ಇಪ್ಪತ್ತಾರು ಸಾವಿರ ಎಂದರೆ ಆವತ್ತೇ ಅಡ್ಮಿಟ್ ಮಾಡುವ ಅಂಕಿ. ಅದರಲ್ಲಿ ಮೈನೋವಿನ ಇಂಜೆಕ್ಷನ್ ಚುಚ್ಚಿದರೆ, ಕೆಲವು ನೋವಿನ ಗುಳಿಗೆ ಕೊಟ್ಟರೆ, ಒಳಗೆಲ್ಲಾದರೂ ರಕ್ತ ಒಸರಲು ಶುರುವಾದರೆ ನಿಲ್ಲುವುದು ಕಷ್ಟ. ಆ ರಿಪೋರ್ಟ್ ಹಿಡಿದು ಅವಳು ದವಾಖಾನೆಗೆ ಹೋಗಿ ಒಂದು ಇಡೀ ರಾತ್ರಿ ಕಳೆದಿತ್ತು.

ಫಾರ್ಮಿನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಮತ್ತೆ ಮಾಡಿದೆ. ಮೂರನೆಯ ಸಲವೂ ಅದೇ. ಟಿಕೋಟಾದ ದವಾಖಾನೆಯ ಫೋನನ್ನೂ ಯಾರೂ ಎತ್ತಲಿಲ್ಲ. ಆಮೇಲೆ ಡಾಕ್ಟರ್ ಬಾಯಿಯವರಿಗೆ ಮಾಡಿದೆ. ಹೇಳುವಷ್ಟು ಹೇಳಿದೆ.

"ಮೊದಲ ಆಕಿನ್ನ ಹುಡುಕು," ಎಂದರು. "ಉಳದದ್ದು ಆಮ್ಯಾಲ ನೋಡೋಣ. ಸಿಕ್ಕ ಕೂಡಲೇ ನೆಟ್ಟಗ ವಿಜಯಪುರಕ್ಕ ಕರಕೊಂಡು ಬಾ. ನಾ ದವಾಖಾನಿಗೆ ಹೇಳಿ ಇಡ್ತೀನಿ."

ಲ್ಯಾಬಿಗೆ ಬೀಗ ಹಾಕಿ ಸ್ಕೂಟರ್ ತೆಗೆದೆ. ನಮ್ಮ ಮನೆ ಇರುವುದು ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿ. ಅದರಿಂದಾಚೆಗೆ ಒಬ್ಬಳೇ ಗಾಡಿ ಓಡಿಸಿದವಳಲ್ಲ ನಾನು. ಮನೆಯ ತಿರುವು ದಾಟಿದಾಗ ಗಂಡನಿಗೆ ಹೇಳಬೇಕೆನ್ನಿಸಿತು, ನಿಲ್ಲಿಸಲಿಲ್ಲ. ಲಾರಿಗಳು ಪಕ್ಕದಲ್ಲಿ ಹಾದಾಗ ಸ್ಕೂಟರ್ ಅತ್ತಿತ್ತ ವಾಲುತ್ತಿತ್ತು. ಯಾ ಅಲ್ಲಾ, ಆಕಿ ಇರಲಿ, ಆಕಿ ಇರಲಿ, ಎಂದು ಬಾಯಲ್ಲಿ ಅಂದುಕೊಳ್ಳುತ್ತಲೇ ಹೋದೆ. ಆ ಇಪ್ಪತ್ತು ಕಿಲೋಮೀಟರಿನಲ್ಲಿ ನನ್ನ ಕಣ್ಣ ಮುಂದೆ ಬಂದದ್ದು ಒಂದೇ: ಒಂದು ಮನೆಯ ಮುಂದೆ ಜನ ಕೂಡಿರುವುದು, ನಾನು ಅಲ್ಲಿಗೆ ಹೋಗಿ ಗಾಡಿ ನಿಲ್ಲಿಸುವುದು.

ಟಿಕೋಟಾದ ಆ ದವಾಖಾನೆಯಲ್ಲಿ ಡಾಕ್ಟರು ಇನ್ನೂ ಬಂದಿರಲಿಲ್ಲ. ಕಂಪೌಂಡರ್ ಇದ್ದ. ಹೆಸರು ಹೇಳಿದ ಕೂಡಲೇ ಗುರುತು ಹಿಡಿದ.

"ನಿನ್ನಿ ಸಂಜಿಮುಂದ ಬಂದಿದ್ರಿ. ರಿಪೋರ್ಟ್ ಚಲೋ ಇತ್ತಲ್ರಿ? ಮೈ ನೋವು ಭಾಳ ಅಂದ್ಲು, ಒಂದು ಇಂಜೆಕ್ಷನ್ ಮಾಡಿ ಗುಳಿಗಿ ಕೊಟ್ಟು ಕಳಿಸೀವಿ."

"ಯಾವ ಇಂಜೆಕ್ಷನ್ ರಿ?"

ಅವನು ಹೇಳಿದ. ಯಾವುದಕ್ಕೆ ಹೆದರಿದ್ದೆನೋ ಅದೇ. ನಾನು ಮನೆ ಎಲ್ಲಿ ಎಂದಷ್ಟೇ ಕೇಳಿದೆ.

ಮನೆಯ ಮುಂದೆ ಜನ ಇರಲಿಲ್ಲ. ಒಬ್ಬ ಮುದುಕಿ ಕಟ್ಟೆಯ ಮೇಲೆ ಕೂತು ಸಜ್ಜೆ ಕೇರುತ್ತಿದ್ದಳು. ಹುಡುಗಿಯ ಅತ್ತೆ. ಲ್ಯಾಬಿನಿಂದ ಬಂದೆ, ನಿಮ್ಮ ಸೊಸೆಯನ್ನು ನೋಡಬೇಕಿತ್ತು ಎಂದೆ.

"ಆಕಿ ತವರಮನಿಗೆ ಹೋಗ್ಯಾಳ ಬೇ. ಬಬಲೇಶ್ವರಕ್ಕ. ಮುಂಜಾನಿ ಗಂಡ ಬಿಟ್ಟು ಬಂದ. ಇಲ್ಲಿದ್ರ ಕೆಲಸಾ ಮಾಡಬೇಕಾಗ್ತೈತಿ, ನಾಕು ದಿನಾ ಅವ್ವನ ಕಡೆ ಮಲಗಿ ಬಾ ಅಂತ ನಾನ ಕಳಿಸಿದೆ. ಯಾಕ? ಏನಾತು?"

"ಇನ್ನೊಮ್ಮೆ ರಕ್ತ ತಗೊಂಡು ನೋಡಬೇಕಾಗೇತಿ ಆಯಿ. ಜಲ್ದಿ ನೋಡಬೇಕು. ಫೋನ್ ಹತ್ತಂಗಿಲ್ಲ."

"ಮಗನ ಫೋನ್ ನೀರಾಗ ಬಿದ್ದೈತಿ. ಅಂವ ತೋಟಕ್ಕ ಹೋಗ್ಯಾನ."

ಬಬಲೇಶ್ವರದಲ್ಲಿ ಮನೆ ಯಾವ ಕಡೆ ಎಂದು ಕೇಳಿದೆ. ಅವಳು ಹೇಳಲು ಶುರುಮಾಡಿ, ನನ್ನ ಮುಖ ನೋಡಿ ಎದ್ದಳು. ಮೊರವನ್ನು ಒಳಗಿಟ್ಟು, ಬಾಗಿಲು ಮುಂದೆ ಎಳೆದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನಾನೂ ಬರ್ತೀನಿ. ಒಳದಾರಿ ನಿನಗ ಗೊತ್ತಾಗಂಗಿಲ್ಲ."

ಅರವತ್ತು ದಾಟಿದ ಮುದುಕಿ ಹಿಂದೆ ಕೂತು ನನ್ನ ಹೆಗಲು ಹಿಡಿದಳು. ತೋಟಗಳ ನಡುವೆ ಹೋಗುವ ದಾರಿ, ಅಲ್ಲಲ್ಲಿ ಕೆಸರು. ಅವಳೇ ಮಾತಾಡುತ್ತ ಬಂದಳು. ಸೊಸೆ ಬಂದು ಎರಡು ವರ್ಷವಾಯಿತು, ಬಾಯಿ ಜೋರು, ಆದರೆ ಮನಸ್ಸು ಕೆಟ್ಟದ್ದಲ್ಲ, ತನಗೆ ಕಣ್ಣು ಮಂಜಾದ ಮೇಲೆ ಸೂಜಿಗೆ ದಾರ ಪೋಣಿಸಿ ಇಟ್ಟು ಕೆಲಸಕ್ಕೆ ಹೋಗುತ್ತಾಳೆ ಎಂದಳು. ಸ್ವಲ್ಪ ಹೊತ್ತಾದ ಮೇಲೆ, "ಒಂದು ರಕ್ತದ ಸಲುವಾಗಿ ಊರಿಂದ ಊರಿಗೆ ಹುಡುಕ್ಯಾಡಕೋತ ಬಂದೀಯಲ್ಲ ಬೇ. ಈಗಿನ ಕಾಲದಾಗ ಯಾರು ಮಾಡ್ತಾರ ಇಷ್ಟು? ನಿನ್ನ ಮಕ್ಕಳು ಚಲೋತ್ನಾಗಿ ಇರಲಿ," ಎಂದಳು.

ಆಗಲೇ ಹೇಳಬೇಕಿತ್ತು. ಆದರೆ ಹೇಳಿದರೆ ಅವಳು ಇಲ್ಲೇ ಇಳಿದುಬಿಟ್ಟರೆ, ದಾರಿ ತೋರಿಸದಿದ್ದರೆ ಎಂದು ನನಗೆ ನಾನೇ ನೆಪ ಕೊಟ್ಟುಕೊಂಡೆ. ನಿಜವಾಗಿ ಅಂಜಿಕೆ ಅದರದಲ್ಲ. ಹೆಗಲ ಮೇಲಿದ್ದ ಆ ಕೈ ಸರಿದುಹೋಗುತ್ತದೆ ಎಂಬುದರದು.

ಬಬಲೇಶ್ವರದ ಮನೆಯಲ್ಲಿ ಹುಡುಗಿ ನಡುಮನೆಯ ಹೊರಸಿನ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ನಾನು ಬಾಗಿಲಲ್ಲೇ ನಿಂತು ನೋಡಿದೆ. ಬೆನ್ನು ಏಳುತ್ತಿತ್ತು, ಇಳಿಯುತ್ತಿತ್ತು. ಹತ್ತಿರ ಹೋಗಿ ತೋಳು ಹಿಡಿದು ನೋಡಿದರೆ ಮೊಣಕೈವರೆಗೆ ಸಾಸಿವೆ ಚೆಲ್ಲಿದ ಹಾಗೆ ಕೆಂಪು ಚುಕ್ಕೆಗಳು. ಇಂಜೆಕ್ಷನ್ ಮಾಡಿದ ಜಾಗ ಅಂಗೈಯಗಲ ಕಪ್ಪಾಗಿದೆ ಎಂದು ತಾಯಿ ಹೇಳಿದಳು. "ಮುಂಜಾನಿ ಹಲ್ಲ ತಿಕ್ಕುವಾಗ ರಗತ ಬಂತ್ರಿ. ಬೇವಿನಕಡ್ಡಿ ಚುಚ್ಚಿರಬೇಕು ಅಂದ್ಲು."

"ಇನ್ನ ಒಂದು ಗುಳಿಗಿನೂ ಕೊಡಬ್ಯಾಡ್ರಿ," ಎಂದೆ. "ಈಗಿಂದೀಗ ವಿಜಯಪುರಕ್ಕ ಹೋಗಬೇಕು. ಯಾರದರ ಗಾಡಿ ಸಿಗ್ತೈತೇನು ನೋಡ್ರಿ."

ಪಕ್ಕದ ಮನೆಯವರ ಜೀಪು ಸಿಕ್ಕಿತು. ಹುಡುಗಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಅತ್ತೆ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಕಾಲ ಕಡೆ ತಾಯಿ ಕೂತಳು. ನಾನು ಸ್ಕೂಟರಿನಲ್ಲಿ ಹಿಂದೆ ಹೊರಟೆ. ರಸ್ತೆಯ ಪ್ರತಿ ತಗ್ಗಿಗೂ ಜೀಪು ಕುಲುಕಿದಾಗ ಹುಡುಗಿಯ ತಲೆಯೊಳಗೆ ಏನಾದರೂ ಒಡೆಯಿತೇನೋ ಎನ್ನಿಸುತ್ತಿತ್ತು.

ಡಾಕ್ಟರ್ ಬಾಯಿಯವರು ದವಾಖಾನೆಯ ಬಾಗಿಲಲ್ಲೇ ನಿಂತಿದ್ದರು. ಮತ್ತೆ ರಕ್ತ ತೆಗೆದರು. ಹದಿನಾಲ್ಕು ಸಾವಿರಕ್ಕೆ ಇಳಿದಿತ್ತು. ಕೂಡಲೇ ಐಸಿಯುಗೆ ಒಯ್ದರು, ಪ್ಲೇಟ್‌ಲೆಟ್ ಏರಿಸಲು ವ್ಯವಸ್ಥೆಯಾಯಿತು. ನಮಗೆ ಹೊರಗಿನ ಬೆಂಚು.

ಮಧ್ಯಾಹ್ನದ ಹೊತ್ತು. ತಾಯಿ ಕಣ್ಣು ಮುಚ್ಚಿ ಗೋಡೆಗೊರಗಿದ್ದಳು. ಅತ್ತೆ ಹೊರಗೆ ಹೋಗಿ ಎರಡು ಕಪ್ ಚಹಾ ತಂದು ಒಂದನ್ನು ನನ್ನ ಕೈಗೆ ಕೊಟ್ಟಳು. ಆ ಚಹಾ ಕುಡಿಯಲು ನನ್ನಿಂದ ಆಗಲಿಲ್ಲ. ಪ್ಲೇಟ್‌ಲೆಟ್ ಒಂದೇ ದಿನದಲ್ಲಿ ಇಳಿಯುವುದುಂಟು. ನಾನು ಬಾಯಿ ಮುಚ್ಚಿಕೊಂಡು ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ನಿನ್ನೆ ಸರಿ ಇತ್ತು, ಇವತ್ತು ಇಳಿಯಿತು ಎಂದು ಎಲ್ಲರೂ ನಂಬುತ್ತಾರೆ. ಈ ಯೋಚನೆ ನನ್ನೊಳಗೆ ಬಂದಿತ್ತು. ಜೀಪಿನ ಹಿಂದೆ ಬರುವಾಗಲೇ ಬಂದಿತ್ತು. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೆ ಅಂಜಿಕೆಯಾಗುತ್ತದೆ.

"ಆಯಿ," ಎಂದೆ. "ತಪ್ಪು ನಂದ ಐತಿ. ನಿನ್ನಿ ನಾ ಕೊಟ್ಟ ರಿಪೋರ್ಟ್‌ನ್ಯಾಗ ಇದ್ದದ್ದು ನಿಮ್ಮ ಸೊಸಿ ರಕ್ತದ ಲೆಕ್ಕ ಅಲ್ಲ. ಬ್ಯಾರೆಯವರದ್ದು. ಆಕಿದು ನಿನ್ನೇನ ಇಳದಿತ್ತು."

ಅವಳು ಕಪ್ಪನ್ನು ಬೆಂಚಿನ ಮೇಲಿಟ್ಟಳು. "ಅಂದ್ರ, ನೀ ನಿನ್ನಿ ಸರಿ ಕೊಟ್ಟಿದ್ರ ನಿನ್ನೇನ ಇಲ್ಲಿ ಬರ್ತಿದ್ವಿ?"

"ಹೌದ್ರಿ."

"ಆ ಸೂಜಿ ಚುಚ್ಚಸ್ತಿದ್ದಿಲ್ಲ?"

"ಇಲ್ರಿ."

ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಎದ್ದು ಹೋಗಿ ಎದುರಿನ ಗೋಡೆಯ ಬೆಂಚಿನಲ್ಲಿ ಕೂತಳು. ಸಂಜೆಯವರೆಗೆ ನನ್ನ ಕಡೆ ನೋಡಲಿಲ್ಲ. ಹೊತ್ತು ಮುಳುಗುವ ಮುಂಚೆ ಅವಳ ಮಗ ಬಂದ. ಮುದುಕಿ ಅವನ ಕಿವಿಯಲ್ಲಿ ಏನೋ ಹೇಳಿದಳು. ಅವನು ನೇರ ನನ್ನ ಮುಂದೆ ಬಂದು ನಿಂತ. "ಅಂಜಬ್ಯಾಡ್ರಿ ಅಂದಿದ್ರಿ ನನಗ," ಎಂದ. ಅಷ್ಟೇ ಅಂದು ಒಳಗೆ ಹೋದ.

ಆ ಸಂಜೆ ಲ್ಯಾಬಿಗೆ ಹೋಗಿ, ಡಾಕ್ಟರ್ ಬಾಯಿಯವರ ಎದುರು ಕೂತು, ಕಪ್ಪು ಕಿಟಕಿ ಶುರುವಾದ ದಿನದಿಂದ ಮಾಡಿದ ಒಂದೊಂದೇ ರಿಪೋರ್ಟನ್ನು ಮಶೀನಿನ ಅಂಕಿಗಳ ಜೊತೆ ತಾಳೆ ನೋಡಿದೆವು. ಅವರು ಕಾಗದ ಓದುವುದು, ನಾನು ಪರದೆ ಓದುವುದು. ನಡುವೆ ಇನ್ನೊಂದು ಟೋಪಿಯ ಗುರುತು ಕಂಡಿತು. ಒಬ್ಬ ಬಾಣಂತಿಯ ನಂಬರಿನ ಕೆಳಗೆ. ಡಾಕ್ಟರ್ ಬಾಯಿಯವರೇ ಎದ್ದು ಬಂದು ನನ್ನ ಹೆಗಲ ಮೇಲಿಂದ ಬಗ್ಗಿ ಓದಿದರು. ಅಂಕಿಗಳು ಕಾಗದದೊಡನೆ ತಾಳೆಯಾದವು. ಆ ಸಲ ತಪ್ಪಿದ್ದು ಗೊತ್ತಾಗಿ ನಾನೇ ಮತ್ತೆ ಕಾಪಿ ಮಾಡಿದ್ದೆ.

ಎಲ್ಲ ಮುಗಿದ ಮೇಲೆ, ಕೆಲಸ ಬಿಡುತ್ತೇನೆ ಎಂದೆ.

"ಬಿಟ್ರ ಇನ್ನೊಬ್ಬಾಕಿ ಬರ್ತಾಳ. ಆಕಿ ಇದನ್ನ ಕಂಡಿರಂಗಿಲ್ಲ," ಎಂದರು. "ನಾನೂ ಮಶೀನಿನ ಅಂಕಿ ನೋಡದ ಸಹಿ ಮಾಡೀನಿ. ನಾ ಎಲ್ಲಿಗೆ ಹೋಗಲಿ?" ಮರುದಿನ ಅವರೇ ಟಿಕೋಟಾದ ಡಾಕ್ಟರಿಗೂ ಹುಡುಗಿಯ ಗಂಡನಿಗೂ ನಡೆದದ್ದನ್ನು ಬರೆದು ಸಹಿ ಮಾಡಿ ಕೊಟ್ಟರು. ಅಂದಿನಿಂದ ಅಂಕಿಗಳ ಜೊತೆ ಪೇಷಂಟಿನ ನಂಬರನ್ನೂ ಸೇರಿಸಿಯೇ ಕಾಪಿ ಮಾಡಬೇಕು, ಇಬ್ಬರು ಓದಬೇಕು ಎಂದಾಯಿತು.

ಮೂರನೆಯ ದಿನದ ಬೆಳಿಗ್ಗೆ ನಾನು ಐಸಿಯು ಹೊರಗೆ ನಿಂತಿದ್ದಾಗ ನರ್ಸ್ ಆ ದಿನದ ರಿಪೋರ್ಟ್ ತಂದಳು. ಅತ್ತೆ ಅದನ್ನು ಕೈಗೆ ತೆಗೆದುಕೊಂಡು, ನನ್ನ ಹತ್ತಿರ ಬಂದು ಚಾಚಿದಳು. ಆ ಮಧ್ಯಾಹ್ನದ ನಂತರ ಅವಳು ನನ್ನೊಡನೆ ಮಾತಾಡಿದ್ದು ಅದೇ ಮೊದಲು.

"ಓದು."

"ಮೂವತ್ತೊಂಬತ್ತು ಸಾವಿರ, ಆಯಿ. ಏರೇತಿ."

ಕಾಗದವನ್ನು ನನ್ನ ಕೈಯಿಂದ ತೆಗೆದು ನರ್ಸಿಗೆ ಕೊಟ್ಟಳು. "ಈಗ ನೀ ಓದವಾ."

ನರ್ಸ್ ಓದಿದಳು. ಎರಡೂ ಒಂದೇ ಆದ ಮೇಲೆ ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಆರನೆಯ ದಿನ ಹುಡುಗಿಯನ್ನು ಮನೆಗೆ ಬಿಟ್ಟರು. ಬಸ್ ಸ್ಟ್ಯಾಂಡಿಗೆ ಹೋಗುವ ಮೊದಲು ಅವಳು ಲ್ಯಾಬಿಗೆ ಬರಬೇಕೆಂದು ಹಟ ಹಿಡಿದಳಂತೆ. ಗಂಡ ಒಳಗೆ ಬರಲಿಲ್ಲ, ಓಣಿಯಲ್ಲೇ ನಿಂತ. ಅತ್ತೆ ಅವಳನ್ನು ಹಿಡಿದುಕೊಂಡು ಬಂದು ಕುರ್ಚಿಯಲ್ಲಿ ಕೂಡಿಸಿದಳು. ಮುಖ ಬಿಳಿಚಿಕೊಂಡಿತ್ತು, ಕಣ್ಣುಗಳು ಮಾತ್ರ ಚುರುಕಾಗಿದ್ದವು.

"ಅದು ಹೆಂಗಾತು ಅಂತ ತೋರಸ್ರಿ ನನಗ," ಎಂದಳು.

ನಾನು ಅವಳ ನಂಬರ್ ಹಾಕಿ ಅವಳ ಅಂಕಿಗಳನ್ನು ತೋರಿಸಿದೆ. ಎಳೆದು ಗುರುತು ಮಾಡಿ, ಕಂಟ್ರೋಲ್ ಸಿ ಎರಡನ್ನೇ ಒತ್ತಿದೆ. ಕಪ್ಪು ಕಿಟಕಿಯಲ್ಲಿ ಆ ಗುರುತು ಮೂಡಿತು. ಸದ್ದಿಲ್ಲ, ಎಚ್ಚರಿಕೆಯಿಲ್ಲ. ಹೀಗೆ ಒತ್ತಿದರೆ ಕಾಪಿ ಆಗುವುದಿಲ್ಲ, ಹಿಂದಿನವರದೇ ಉಳಿದಿರುತ್ತದೆ, ಅದೇ ನಿನ್ನ ರಿಪೋರ್ಟಿಗೆ ಬಂತು ಎಂದೆ.

ಅವಳು ಕೀಬೋರ್ಡನ್ನೂ ನನ್ನ ಬೆರಳುಗಳನ್ನೂ ನೋಡಿದಳು. "ಇಷ್ಟ ಏನ್ರಿ?"

"ಇಷ್ಟ."

ಇನ್ನೇನಾದರೂ ಕೇಳುತ್ತಾಳೆಂದು ಕಾದೆ. ಅವಳು ಅತ್ತೆಯ ಕೈ ಹಿಡಿದು ಎದ್ದಳು. ಬಾಗಿಲ ಹತ್ತಿರ ಮುದುಕಿ ಒಮ್ಮೆ ನಿಂತು, "ಬರ್ತೀವಿ," ಎಂದಳು. ಮೂವರೂ ಗುಡಿಯ ಕಡೆಯ ಜನದೊಳಗೆ ಸೇರಿಹೋದರು.

ಇಂಜಿನಿಯರ್ ಬಂದು ದಾರಿ ಸರಿಮಾಡಿ ಹೋದ. ಅಂಕಿಗಳು ಮೊದಲಿನಂತೆ ತಾವೇ ಬಂದು ಕೂಡತೊಡಗಿದವು. ನಾನು ಮನೆಯಲ್ಲಿ ಇದನ್ನು ಹೇಳಲು ಇನ್ನೂ ಎಂಟು ದಿನ ಬೇಕಾಯಿತು. ಒಂದು ದಿನ ಊಟಕ್ಕೆ ಕೂತಾಗ, ತುತ್ತು ಎತ್ತದೆ ಎಲ್ಲವನ್ನೂ ಗಂಡನಿಗೆ ಹೇಳಿದೆ. ಅವನು ಪೂರ್ತಿ ಕೇಳಿದ. ರೊಟ್ಟಿಯ ಬುಟ್ಟಿಯನ್ನು ನನ್ನ ಕಡೆ ಸರಿಸಿದ.

"ನಿದ್ದಿಯೊಳಗ ನೀ ಏನೇನೋ ನಂಬರ್ ಓದಾಕತ್ತಿದ್ದಿ," ಎಂದ. "ಕೇಳಾಕ ನನಗೂ ಅಂಜಿಕಿ ಬಂದಿತ್ತು."